ಕಾವಲುಗಾರನ ಕಾರ್ಡು

“ಕಾವಲುಗಾರ ಸತ್ತ ಮೇಲೆ ಅವನ ಶಕ್ತಿನೂ ಅವನ ಜೊತೇಲೇ ಹೋಯ್ತು,” ಎಂದಳು ಅಕ್ಕ.

“ಸತ್ರೂ ಇನ್ನೊಂದು ಏಟು ತಡೀತಾನೆ ಕಣೇ. ಕಾರ್ಡಲ್ಲೇ ಇದೆ.”

“ಒಂದು ಏಟು ತಡೀತಾನೆ ಅಂತಿದೆ. ಅದನ್ನ ತಡೆದೇ ಸತ್ತ. ಇನ್ನೊಂದು ಅಂತ ಎಲ್ಲಿದೆ, ತೋರಿಸು.”

ತಂಗಿ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದಳು. ಎಲ್ಲೂ ಇರಲಿಲ್ಲ. ಆ ಏಟು ಬಿದ್ದರೆ ಅವಳ ಆಟ ಮುಗಿಯುತ್ತಿತ್ತು.

ಮಕ್ಕಳಿಲ್ಲದ ದೊಡ್ಡಮ್ಮ, ಇಬ್ಬರಲ್ಲಿ ಒಬ್ಬಳನ್ನು ಸಾಕಿಕೊಳ್ಳುತ್ತೇನೆಂದು ಚೀಲ ಹಿಡಿದು ಬಂದು ಕೂತಿದ್ದಳು. ಯಾರನ್ನು ಕಳಿಸುತ್ತೀಯ ಎಂದರೆ ಅಮ್ಮ ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಿದ್ದಳು. ಕೊನೆಗೆ ಮಕ್ಕಳೇ, ಅಮ್ಮನಿಗೂ ಹೇಳದೆ, ಸೋತವಳು ಹೋಗಬೇಕೆಂದು ಮಾತಾಡಿಕೊಂಡು ಕಾರ್ಡು ಹಂಚಿಕೊಂಡಿದ್ದರು.

“ಅಮ್ಮಾ, ಇವಳು ಮೋಸ ಮಾಡ್ತಾಳೆ,” ಎಂದು ತಂಗಿ ಬಿಕ್ಕಿ ಬಿಕ್ಕಿ ಅಳತೊಡಗಿದಳು. “ನೀನೇ ಬಂದು ಹೇಳು.”

“ಹೂಂ, ಅಮ್ಮನೇ ಹೇಳಲಿ. ಓದಿ ಹೇಳಮ್ಮ,” ಎಂದು ಅಕ್ಕ ಧೈರ್ಯವಾಗಿ ಕಾರ್ಡು ಚಾಚಿದಳು.

ಅಡುಗೆಮನೆಯಿಂದ ಬಂದ ಅಮ್ಮ ಕಾರ್ಡಿನ ಕಡೆ ನೋಡಲೇ ಇಲ್ಲ. ಚಿಕ್ಕವಳ ಕಣ್ಣು ಒರೆಸುತ್ತಾ, “ಏನೋ ಒಂದು ಆಟ ಕಣೇ. ದೊಡ್ಡೋಳಲ್ವಾ ನೀನು, ಸೋತುಬಿಡು,” ಎಂದಳು.

ಅಕ್ಕ ಹಿತ್ತಲಿಗೆ ಹೋಗಿ, ತಂತಿಯ ಮೇಲೆ ಇನ್ನೂ ಹಸಿಯಾಗಿದ್ದ ತನ್ನ ಫ್ರಾಕನ್ನು ತೆಗೆದು ಮಡಚಿ, ದೊಡ್ಡಮ್ಮನ ಚೀಲದೊಳಗೆ ಇಟ್ಟಳು.