ಸಿಡಿಲಿಗೊಂದಿಷ್ಟು ಮಣ್ಣು

ಸಿದ್ದಣ್ಣ ತಳ್ಳುಗಾಡಿಯಲ್ಲಿ ನೆಲಕ್ಕೆ ಹಾಸುವ ಪರಸಿಕಲ್ಲು ತಂದು ಅಂಗಳದಲ್ಲಿ ಇಳಿಸಿದಾಗ, ಅವನ ಹೆಂಡತಿ ಯಂಕಮ್ಮ ಪುಂಡಿಪಲ್ಯದ ಗಿಡಗಳ ಮುಂದೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು. ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡಿಸುವ ಸಾಹುಕಾರ ಅವನು. ಅಡುಗೆಮನೆ, ಪಡಸಾಲೆ, ಅಂಗಳ, ಕಡೆಗೆ ದನವಿಲ್ಲದ ದನದ ಕೊಟ್ಟಿಗೆಗೂ ಕಲ್ಲು ಹಾಸಿ ಮುಗಿಸಿದ್ದ ಪುಣ್ಯಾತ್ಮ. ಉಳಿದದ್ದು ಬಚ್ಚಲಿನ ಮಗ್ಗುಲಿಗೆ ಈ ಪಲ್ಯ ಬೆಳೆದಿದ್ದ, ಒಂದು ಚಾಪೆ ಹಾಸುವಷ್ಟು ಮಣ್ಣು. ದಂಡೋತಿಯ ಹೊಳೆದಂಡೆಯಲ್ಲಿ ಎರೆಮಣ್ಣು ತುಳಿದು ಬೆಳೆದ ಯಂಕಮ್ಮನಿಗೆ ಈ ಕಲ್ಲಿನ ಮನೆಯಲ್ಲಿ ಅದೊಂದೇ ತನ್ನದು ಅನ್ನಿಸುತ್ತಿತ್ತು.

"ಸರಿ ಆ ಕಡಿ. ನಾಳಿ ಹೈದರಾಬಾದಿನ ಗಿರಾಕಿ ವಿಡಿಯೋದಾಗ ಕಲ್ಲ ನೋಡ್ತಾನ. ಹಿಂದ ಈ ರಾಡಿ ಕಂಡ್ರ ನನ್ನ ಮರ್ಯಾದಿ ಏನ ಉಳೀತದ?"

"ಮೊದಲ ನನ್ನ ಮ್ಯಾಲ ಕಲ್ಲ ಹಾಸ್ರಿ. ಆಮ್ಯಾಲ ಪಲ್ಯದ ಮ್ಯಾಲ ಹಾಸೀರಂತ!"

ಅಷ್ಟರಲ್ಲಿ ಮಾಳಿಗೆಯ ಮೇಲಿಂದ ತಾರೀಕ ಇಣುಕಿದ. ಇಂಟರ್ನೆಟ್ ಕೂಡಿಸುವ ಹುಡುಗ. ಈ ಮನೆಯ ಎರಡು ಇಂಟರ್ನೆಟ್ ಪೆಟ್ಟಿಗೆಗಳನ್ನು ಸಿಡಿಲು ಆಗಲೇ ನುಂಗಿತ್ತು. ಮೂರನೆಯದನ್ನು ಉಳಿಸುವ ಜವಾಬ್ದಾರಿ ಅವನ ತಲೆಯ ಮೇಲಿತ್ತು.

"ಸಾವ್ಕಾರ್ರೆ, ಯಾವ ಆಂಟೆನಾ ಹಾಕ್ಲಿ? ಕೋಲಿನಂಥಾದ್ದು ನಾಕೂ ದಿಕ್ಕಿಗಿ ಒದರ್ತದ. ತಾಟಿನಂಥಾದ್ದು ಟವರ್ ಕಡಿಗಷ್ಟ ಮಾರಿ ಮಾಡಿ ಸಮಾಧಾನದಿಂದ ಮಾತಾಡ್ತದ."

"ತಾಟಿಂದೇ ಹಾಕು ತಮ್ಮಾ," ಎಂದಳು ಯಂಕಮ್ಮ. "ಒದರ್ಲಿಕ್ಕಿ ಮನ್ಯಾಗ ಒಬ್ಬರು ಅದಾರ."

ಸಿದ್ದಣ್ಣ ಕೇಳಿಯೂ ಕೇಳದವನಂತೆ, "ಭಾಳ ಎತ್ತರಕ್ಕ ಹಾಕೋ, ಓಣಿಗೆಲ್ಲಾ ಕಾಣಬೇಕು," ಎಂದ.

"ಓಣಿಗಿ ಕಂಡದ್ದು ಸಿಡಿಲಿಗೂ ಕಾಣ್ತದ್ರಿ," ಎನ್ನುತ್ತ ತಾರೀಕ ಕೆಳಗಿಳಿದು ಬಂದ. ಕೈಯಲ್ಲಿ ಒಂದು ಪುಟ್ಟ ಡಬ್ಬಿ, ಹೆಗಲ ಮೇಲೆ ತಾಮ್ರದ ಉದ್ದನೆಯ ರಾಡು. "ಸಿಡಿಲಿನ ಹೊಡೆತ ಈ ಡಬ್ಬಿ ಹಿಡೀತದ. ಹಿಡದದ್ದನ್ನ ತಂತಿ ಹಿಡಿದು ಭೂಮಿಗಿ ಇಳಸಬೇಕು. ಭೂಮಿ ಎಲ್ಲಿ ಅದರಿ?"

ಸಿದ್ದಣ್ಣ ಕೈ ಚಾಚಿ, ಕನ್ನಡಿಯಂತೆ ಹೊಳೆಯುವ ತನ್ನ ಅಂಗಳವನ್ನು ಹೆಮ್ಮೆಯಿಂದ ತೋರಿಸಿದ. ತಾರೀಕ ರಾಡಿನಿಂದ ಕುಟ್ಟಿ ನೋಡಿದ. ಟಣ್. ಬಾಗಿಲ ಬಳಿ ಟಣ್, ನೀರಿನ ಟಾಕಿ ಬಳಿಯೂ ಟಣ್. ಅಂಗಳ ಸುತ್ತಿ ಸುತ್ತಿ ಕಡೆಗೆ ಯಂಕಮ್ಮನ ಮುಂದೆ ಬಂದು ನಿಂತ. ಇವನೂ ಗಂಡನ ಪಾರ್ಟಿಯೇ ಆದನಲ್ಲ ಎಂದು ಅವಳು ಪಲ್ಯಕ್ಕೆ ಅಡ್ಡವಾಗಿ ನಿಂತಳು.

"ಅವ್ವಾರೆ, ಹಸಿ ಮಣ್ಣ ಇಲ್ಲಷ್ಟಾ ಅದ. ರಾಡ್ ಇಲ್ಲೇ ಇಳೀಬೇಕು. ಇದರ ಮ್ಯಾಲ ಕಲ್ಲ ಹಾಸಿದ್ರ ಮಣ್ಣ ಒಣಗಿ ಮೂರನೇ ಪೆಟ್ಟಿಗೀನೂ ಸುಡ್ತದ."

ಯಂಕಮ್ಮನ ಮುಖ ಊರಗಲ ಆಯಿತು. ಆದರೆ ತಾರೀಕ ಚೀಲದಿಂದ ಇದ್ದಲಿ, ಹರಳುಪ್ಪು ತೆಗೆದದ್ದೇ ತಡ, "ಉಪ್ಪಾ? ನನ್ನ ಪಲ್ಯದ ಬೇರಿಗಿ?" ಎಂದು ಚೀರಿದಳು.

"ಮಣ್ಣ ಹಸಿ ಇರ್ಲಿಕ್ಕಿ ಇದು. ಉಪ್ಪು ಬ್ಯಾಡಂದ್ರ ದಿನಾ ಎರಡ ಕೊಡ ನೀರ ಹಾಕಬೇಕಾಗ್ತದ್ರಿ."

"ಇಂಟರ್ನೆಟ್ ಯಾರಿಗಿ ಬೇಕೋ ಅವರು ಹಾಕ್ತಾರ. ಕೇಳು ಅವರಿಗಿ."

ಸಿದ್ದಣ್ಣ ಕಲ್ಲು ನೋಡಿದ, ರಾಡು ನೋಡಿದ, ಹೆಂಡತಿಯನ್ನು ಮಾತ್ರ ನೋಡಲಿಲ್ಲ. ಗಂಟಲಲ್ಲೇ ಏನೋ ಗೊಣಗಿದ.

"ಏನಂದ್ರಿ? ಕೇಳಿಸಲಿಲ್ಲ."

"ಹಾಕ್ತೀನಿ ಅಂದೆ!"

ಹಾಕಿದ ಕೂಡ. ಕುಡಿದ ನೀರಿನ ಲೋಟ ಎತ್ತಿಡದ ಮನುಷ್ಯ ಬೆಳಗಾದರೆ ಕೊಡ ಹೊತ್ತು ಬಚ್ಚಲಿಂದ ಬರುವುದನ್ನು ಯಂಕಮ್ಮ ಕಿಟಕಿಯಿಂದ ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಆ ವಾರವೇ ಒಂದು ಮಧ್ಯಾಹ್ನ ಓಣಿ ನಡುಗುವಂತೆ ಸಿಡಿಲು ಬಡಿಯಿತು. ಎದುರು ಮನೆಯ ಟಿವಿ, ಪೆಟ್ಟಿಗೆ ಎಲ್ಲ ಸುಟ್ಟು ವಾಸನೆ ಬಂತು. ಇವರ ಪೆಟ್ಟಿಗೆಯ ಹಸಿರು ದೀಪ ಏನೂ ಆಗಿಲ್ಲವೆಂಬಂತೆ ಮಿಟುಕುತ್ತಿತ್ತು. ಸಿದ್ದಣ್ಣ ಅದನ್ನು ಬಹಳ ಹೊತ್ತು ನೋಡುತ್ತ ಕುಳಿತ.

ಮರುದಿನ ಯಂಕಮ್ಮ ರೊಟ್ಟಿ ಬಡಿಯುವಾಗ ಅಂಗಳದಿಂದ ಹಾರೆಯ ಸದ್ದು ಕೇಳಿಸಿತು. ಅಯ್ಯೋ, ಮಾತಿಗೆ ತಪ್ಪಿದನಲ್ಲ ಈ ಮನುಷ್ಯ! ಹಿಟ್ಟಿನ ಕೈಯಲ್ಲೇ ಓಡಿದಳು.

ಪುಂಡಿಪಲ್ಯ ನೆಟ್ಟಗೆ ನಿಂತಿತ್ತು. ಅದರ ಪಕ್ಕದಲ್ಲಿ ಸಿದ್ದಣ್ಣ ಲುಂಗಿ ಎತ್ತಿ ಕಟ್ಟಿ, ತಾನೇ ನಿಂತು ಹಾಸಿಸಿದ್ದ ಪರಸಿಕಲ್ಲಿನ ಅಡಿಗೆ ಹಾರೆ ಕೊಟ್ಟು ಮೀಟುತ್ತಿದ್ದ. ಕಲ್ಲು ಮಗುಚಿ ಬಿತ್ತು. ಕೆಳಗಿನ ಕಪ್ಪು ಮಣ್ಣಿಗೆ ಎಷ್ಟೋ ವರ್ಷದ ಮೇಲೆ ಬಿಸಿಲು ತಾಗಿತು.

"ಮಣ್ಣ ಅಗಲ ಆದಷ್ಟು ಹಸಿ ನಿಲ್ತದಂತ ತಾರೀಕ ಹೇಳ್ಯಾನ," ಎಂದ ಸಿದ್ದಣ್ಣ, ಅವಳ ಕಡೆ ನೋಡದೆ.

ಯಂಕಮ್ಮ ಹಿಟ್ಟಿನ ಕೈಯಲ್ಲೇ ಆ ಮಣ್ಣಿನ ಅಂಚಿಗೆ ಕುಳಿತಳು. ಕಣ್ಣು ಮಂಜಾದವು.

ಅವನು ಒಂದು ಹೆಂಟೆ ಎತ್ತಿ ಬೆರಳಲ್ಲಿ ಪುಡಿ ಮಾಡುತ್ತ ಕೇಳಿದ: "ಇಲ್ಲಿ ಯಾವ ಪಲ್ಯ ಹಚ್ತಿ?"