ತೇನೆಹಕ್ಕಿಯ ಕೂಗು

ಹಸಿ ಜೊಂಡಿನ ವಾಸನೆ ಬಂದರೆ ಈಗಲೂ ನಾನು ಅಲ್ಲಾಡದೆ ನಿಲ್ಲುತ್ತೇನೆ.

ಶ್ರೀರಂಗಪಟ್ಟಣದ ಯುದ್ಧಕ್ಕೆಂದು ದಂಡಿನವರು ಊರೂರಿನ ಕಮ್ಮಾರರನ್ನು ಎಳೆದೊಯ್ಯುತ್ತಿದ್ದ ವರ್ಷ ಅದು. ಅಪ್ಪ ನಮ್ಮೂರಿನ ಕಮ್ಮಾರ. ಹೊಂಗೆ ಚಿಗುರಿತ್ತು. ಕೆರೆಯಂಚಿನ ಕಾಲುದಾರಿಯಲ್ಲಿ ಅವನು ನನಗೆ ನೀರುಕೋಳಿಯ ಮರಿಗಳನ್ನು ತೋರಿಸುತ್ತಿದ್ದಾಗ ಏರಿಯ ಮೇಲೆ ದಂಡಿನ ಕುದುರೆಗಳು ಕಂಡವು. ಅಪ್ಪ ನನ್ನನ್ನು ಎಳೆದುಕೊಂಡು ಜೊಂಡಿನೊಳಗೆ ಮಲಗಿದ.

ನನ್ನ ಮೊಣಕೈ ಪಕ್ಕದಲ್ಲೇ ಮೂರು ತೇನೆಹಕ್ಕಿ ಮರಿಗಳು ಮಣ್ಣುಂಡೆಗಳಂತೆ ನೆಲಕ್ಕಂಟಿ ಕೂತಿದ್ದವು. ತಾಯಿಹಕ್ಕಿ ನಮ್ಮ ತಲೆಯ ಮೇಲೆಯೇ ಸುತ್ತುತ್ತ ಕಿರುಚತೊಡಗಿತು. ಸವಾರರು ಕುದುರೆ ನಿಲ್ಲಿಸಿ ನಮ್ಮ ಕಡೆ ನೋಡಿದರು. ಅಪ್ಪನ ಎದೆ ಬಡಿಯುವುದು ನನ್ನ ಬೆನ್ನಿಗೆ ತಾಗುತ್ತಿತ್ತು.

“ನಾ ಎದ್ದೋದ್ರೆ ಹಕ್ಕಿ ನನ್ನಿಂದೆ ಬತ್ತದೆ,” ಎಂದು ಅವನು ಕಿವಿಯಲ್ಲಿ ಹೇಳಿದ. “ನೀನು ಅಲ್ಲಾಡ್‌ಬ್ಯಾಡ ಕಣವ್ವ.”

ಅಪ್ಪ ಎದ್ದು, ಕೈಯೆತ್ತಿಕೊಂಡು ದಾರಿಗೆ ಹೋದ. ಹಕ್ಕಿ ಕಿರುಚುತ್ತ ಅವನ ಹಿಂದೆಯೇ ಹಾರಿತು.

“ಒಬ್ನೇ ಇವ್ನಿ ಬುದ್ಧಿ,” ಎಂದು ಅವನು ಸವಾರರಿಗೆ ಹೇಳಿದ್ದು ಕೇಳಿಸಿತು. ಅವರು ಅವನನ್ನು ಕರೆದುಕೊಂಡು ಹೋದರು.

ಕುದುರೆಗಳ ಸದ್ದು ಅಡಗಿದ ಮೇಲೂ ನಾನು ಏಳಲಿಲ್ಲ. ಸಂಜೆ ಅವ್ವ ಹುಡುಕಿಕೊಂಡು ಬಂದು, “ನಿಮ್ಮಪ್ಪ ಎಲ್ಲವ್ವ?” ಎಂದಳು. ಹಕ್ಕಿ ಮತ್ತೆ ಕೂಗೀತೆಂಬ ಭಯಕ್ಕೆ, ಅಪ್ಪನನ್ನು ದಂಡಿನವರು ಕರೆದೊಯ್ದರೆಂದು ನಾನು ಪಿಸುಮಾತಿನಲ್ಲೇ ಹೇಳಿದೆ.