ತಲಾ ಒಬ್ಬರು

ಅಂಕಿಅಂಶ ಕಚೇರಿಯ ಗುಮಾಸ್ತ ಕೋಷ್ಟಕದ ಕೊನೆಯ ಸಾಲಿಗೆ ಬಂದು ನಿಂತ. ಐವತ್ತು ದಾಟಿಯೂ ಮದುವೆಯಾಗದವರು ಬಂದರಿನ ತಾಲ್ಲೂಕಿನಲ್ಲಿ ಸಾವಿರಗಟ್ಟಲೆ, ಗಣಿಯ ಕಡೆ ನೂರಾರು. ನಾಲ್ಕೇ ಹಳ್ಳಿಗಳ ಗುಡ್ಡದ ತಾಲ್ಲೂಕಿನಲ್ಲಿ ಮಾತ್ರ ಹೆಂಗಸು ಒಬ್ಬಳು, ಗಂಡಸು ಒಬ್ಬ.

ಹೆಂಗಸು ಯಾರೆಂದು ಅವನಿಗೆ ಗೊತ್ತಿತ್ತು. ಅಪ್ಪನ ಮನೆಯ ಮಹಡಿಯಲ್ಲಿ ಹೊಲಿಗೆ ಮಾಡಿಕೊಂಡಿರುವ ಅವನ ಅಕ್ಕ. ಮೂರಕ್ಕಿಂತ ಕಡಿಮೆ ಜನರಿದ್ದರೆ, ಗುರುತು ಸಿಗದಂತೆ ಸಂಖ್ಯೆಯ ಜಾಗದಲ್ಲಿ ಚುಕ್ಕಿ ಇಡಬೇಕೆಂಬುದು ಕಚೇರಿಯ ನಿಯಮ. ಎರಡು ಚುಕ್ಕಿ ಇಟ್ಟು, ಊಟದ ಬಿಡುವಿನಲ್ಲಿ ಅಕ್ಕನಿಗೆ ಫೋನ್ ಮಾಡಿದ.

"ಅಕ್ಕಾ, ಇಡೀ ತಾಲ್ಲೂಕಿಗೆ ನೀನೊಬ್ಬಳೇ. ಯಾರಿಗೂ ಗೊತ್ತಾಗದ ಹಾಗೆ ಮುಚ್ಚಿದೀನಿ."

"ಊರಿಗೆಲ್ಲ ಗೊತ್ತಿರೋದನ್ನ ಯಾರಿಂದ ಮುಚ್ಚಿದ್ಯಪ್ಪ?" ಹೊಲಿಗೆ ಯಂತ್ರದ ಸದ್ದು ನಿಲ್ಲಲಿಲ್ಲ. "ಗಂಡಸರು ಎಷ್ಟು ಜನ?"

"ಒಬ್ಬರೇ."

ಸದ್ದು ನಿಂತಿತು. "ಯಾರು?"

"ಹೆಸರು ನಮ್ಮ ಹತ್ರ ಬರಲ್ಲಕ್ಕ. ಬರೀ ಲೆಕ್ಕ."

"ಇಲ್ಲಿ ಒಂಟಿಯಾಗಿರೋ ಗಂಡಸರೆಲ್ಲ ಹೆಂಡ್ತಿನ ಮಣ್ಣು ಮಾಡಿ ಬಂದವರು. ಎಲ್ಲರ ಮನೆಗೂ ಹೋಗಿ ನಾನೇ ಅತ್ತು ಬಂದಿದೀನಿ. ಒಬ್ಬರ ಹೆಂಡ್ತಿನ ಮಾತ್ರ ಇದುವರೆಗೆ ಯಾರೂ ನೋಡಿಲ್ಲ."

ಅವರು ಕೆಳಗಿನ ಕೋಣೆಯ ಗಡಿಯಾರ ರಿಪೇರಿಯವರು. ಇಪ್ಪತ್ತಾರು ವರ್ಷದಿಂದ ಅಲ್ಲೇ ಬಾಡಿಗೆಗಿದ್ದರು. ಹೆಂಡತಿ ಬಂದರಿನ ಊರಲ್ಲಿದ್ದಾಳೆ, ಅವಳಿಗೆ ಗುಡ್ಡದ ಚಳಿ ಆಗಿಬರುವುದಿಲ್ಲ ಎನ್ನುತ್ತಿದ್ದರು. ಅವರು ಬಂದ ವರ್ಷದಿಂದಲೇ ಅಕ್ಕ ತನ್ನನ್ನು ನೋಡಲು ಬಂದ ಗಂಡುಗಳನ್ನೆಲ್ಲ ಒಬ್ಬೊಬ್ಬರಾಗಿ ಬೇಡವೆಂದದ್ದನ್ನು ತಮ್ಮ ಕಂಡಿದ್ದ. ಕಾರಣ ಕೇಳುವ ಗೋಜಿಗೆ ಹೋಗಿರಲಿಲ್ಲ.

ಅಕ್ಕ ಫೋನ್ ಇಟ್ಟುಬಿಟ್ಟಳು. ಸಂಜೆ ಅವಳೇ ಮಾಡಿದಳು.

"ಕೇಳೇಬಿಟ್ಟೆ. ಒಂಟಿ ಗಂಡಸಿಗೆ ಮನೆ ಕೊಡಲ್ಲ ಅಂತ ಅಪ್ಪ ಮೊದಲ ದಿನವೇ ಅಂದಿದ್ರಂತೆ. ಅದಕ್ಕೆ ಹೆಂಡ್ತಿ ಇದಾಳೆ ಅಂದ್ರಂತೆ. ಆಮೇಲೆ ನನ್ನ ನೋಡಿದ್ರಂತೆ. ಅಪ್ಪನ ಮುಂದೆ ಮಾತು ಬದಲಾಯಿಸೋಕೆ ಧೈರ್ಯ ಬರಲಿಲ್ವಂತೆ."

"ಅಪ್ಪ ಹೋಗಿ ಒಂಬತ್ತು ವರ್ಷ ಆಯ್ತಲ್ಲಕ್ಕ?"

"ಅಷ್ಟು ಹೊತ್ತಿಗೆ ಅಭ್ಯಾಸ ಆಗಿತ್ತಂತೆ."

"ನೀನೇನಂದೆ?"

"ಸುಳ್ಳು ಹೇಳಿ ಸೇರಿಕೊಂಡ ಕೋಣೆ, ಇವತ್ತೇ ಖಾಲಿ ಮಾಡಿ ಅಂದೆ."

"ಅಯ್ಯೋ, ಈ ವಯಸ್ಸಲ್ಲಿ ಅವರು ಎಲ್ಲಿಗೆ ಹೋಗ್ತಾರೆ?"

"ಮಹಡಿಗೆ. ಗಂಟು ಹೊತ್ಕೊಂಡು ಅರ್ಧ ಮೆಟ್ಟಿಲು ಹತ್ತಿ ನಿಂತಿದಾರೆ, ಮಂಡಿ ನೋವಂತೆ. ಫೋನ್ ಇಡು, ಹೋಗಿ ಕೈ ಹಿಡೀಬೇಕು."